ಹೋಗಲೊಲ್ಲದ ಫೋಟೊ

೧೭ ಜನವರಿ ೨೦೦೭, ಬುಧವಾರ

ಬರೀಬೇಕಂತೆ. ಐದನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಬಂದವಳು ನಾನು. ಇಪ್ಪತ್ತೊಂಬತ್ತು ವರ್ಷದಿಂದ ಹೊಸಹಳ್ಳೀಲಿ ಹಿಟ್ಟಿನ ಮಿಲ್ ನಡೆಸ್ತಾ ಇದೀನಿ. ‘ಚಿಕ್ಕಗಂಗಮ್ಮ, ನಿನ್ನ ಬೆಲ್ಟು ಎಷ್ಟು ಗಂಟೆಗೆ ಕಿತ್ತುಹೋಯ್ತು ಬರೆದುಕೊಡು’ ಅಂತ ಯಾವನೂ ಕೇಳಿರಲಿಲ್ಲ. ಈಗ ಅರವತ್ತಮೂರನೇ ವಯಸ್ಸಿಗೆ ಕಾಪಿ ಬರಿಯೋ ಶಿಕ್ಷೆ.

ಶಿಕ್ಷೆ ಕೊಟ್ಟವಳು ದಾನಮ್ಮ. ನಮ್ಮ ರಸ್ತೆ ಕೊನೇಲಿ ಬ್ರೌಸಿಂಗ್ ಸೆಂಟರ್ ಇಟ್ಟಿದಾಳೆ. ಬಾಗಲಕೋಟೆ ಕಡೆಯವಳು. ಇರೋದು ನಾಲ್ಕು ಕಂಪ್ಯೂಟರು, ಬಾಯಿ ಮಾತ್ರ ನಲವತ್ತರಷ್ಟು. ‘ಅಮ್ಮಾರ, ಯಾವಾಗ ಶುರು ಮಾಡಿದ್ವಿ, ಯಾವಾಗ ನಿಂತತಿ, ಏನ್ ಬಂತು, ಎಲ್ಲಾ ಬರದಿಡ್ರಿ. ಇಲ್ಲಂದ್ರ ಸಂಘದವರು ನಮ್ಮ ಮಾತು ಕೇಳೂದಿಲ್ಲ’ ಅಂದಳು. ಮೆಡಿಕಲ್ ಸ್ಟೋರಿನವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಬರೀತಾ ಇದೀನಿ.

ವಿಷಯ ಇಷ್ಟು. ನನ್ನ ಸೊಸೆ ಕಲಾಗೆ ಇನ್ನೊಂದು ಮದುವೆ ಮಾಡ್ತೀನಿ ಅಂತ ನಾನು ತೀರ್ಮಾನ ಮಾಡಿದೀನಿ. ಮಗ ಮಹದೇವ ಹೋಗಿ ಮೂರು ವರ್ಷ ಆಯ್ತು. ಕಾಮಾಲೆ ಅಂದರು, ಹನ್ನೊಂದೇ ದಿನ. ಕಲಾಗೆ ಈಗ ಮೂವತ್ತೊಂದು. ಮಕ್ಕಳಿಲ್ಲ. ನಾನು ಗಂಡನ್ನ ಕಳಕೊಂಡಾಗ ನನಗೂ ಹೆಚ್ಚುಕಮ್ಮಿ ಅದೇ ವಯಸ್ಸು. ಆಗ ಮಿಲ್ಲಿನ ಕಲ್ಲು ಹಿಡಿದು ಕೂತವಳು ಇನ್ನೂ ಎದ್ದಿಲ್ಲ. ಅವಳೂ ಹಾಗೆ ಕೂರೋದು ಬೇಡ.

ನಮ್ಮ ಜನಾಂಗದ ಸಂಘದವರು ಫೆಬ್ರವರಿ ೨೫ಕ್ಕೆ ರಾಜಾಜಿನಗರದಲ್ಲಿ ಮರುಮದುವೆಯವರ ಸಮಾವೇಶ ಮಾಡ್ತಾರೆ. ಅರ್ಜಿ, ಫೋಟೊ ಎರಡೂ ಅವರ ವೆಬ್‌ಸೈಟಿನಲ್ಲೇ ಸೇರಬೇಕು. ಕೈಯಲ್ಲಿ ಕೊಟ್ಟರೆ ಮುಟ್ಟೋಲ್ಲವಂತೆ. ಕೊನೇ ದಿನ ಫೆಬ್ರವರಿ ೧೦. ಫೋಟೊ ಇಲ್ಲದ ಅರ್ಜಿ ಕಸದ ಬುಟ್ಟಿಗೆ. ಇದು ತಪ್ಪಿದರೆ ಮುಂದಿನ ವರ್ಷ.

ಅರ್ಜಿ ಸಲೀಸಾಗಿ ಹೋಯ್ತು. ಫೋಟೊಗೇ ಬಂದಿರೋದು ರೋಗ. ಹಜಾರದ ಗೋಡೇಲಿದ್ದ ಮದುವೆ ಫೋಟೊ ಚೌಕಟ್ಟಿಂದ ಬಿಚ್ಚಿ ತಗೊಂಡು ಹೋಗಿದ್ದೆ. ದಾನಮ್ಮ ಅದನ್ನ ಗಾಜಿನ ಮೇಲೆ ಬೋರಲು ಹಾಕಿ ಕಂಪ್ಯೂಟರ್ ಒಳಗೆ ಇಳಿಸಿದಳು. ಬುಧವಾರ ಹನ್ನೆರಡಕ್ಕೆ ರಾಹುಕಾಲ. ನಾನು ಮಿಲ್ ಕೆಲಸ ಮುಗಿಸಿ ಓಡಿ, ಕಾಲು ಗಂಟೆ ಮುಂಚೆ ಕೂತೆ. ರಾಹುಕಾಲಕ್ಕೆ ಮೊದಲು ಶುರು ಮಾಡಿಬಿಟ್ಟರೆ ಆಮೇಲೆ ಎಷ್ಟು ಹೊತ್ತಾದರೂ ದೋಷವಿಲ್ಲ. ಊರಿಗೆ ಹೊರಡೋವಾಗ ಚೀಲ ಮೊದಲೇ ಹೊಸಲಿನಾಚೆ ಇಟ್ಟು ಬರ್ತೀವಲ್ಲ, ಹಾಗೆ.

ಶುರು ೧೧.೪೫. ನಿಂತದ್ದು ೧೨. ಬಿಳೀ ಪರದೆ, ಮೇಲೆ ಇಂಗ್ಲಿಷ್. ‘ಪುಟ ತೋರಿಸಾಕ ಬರೂದಿಲ್ಲ ಅಂತತಿ’ ಅಂದಳು ದಾನಮ್ಮ.

೧೯ ಜನವರಿ, ಶುಕ್ರವಾರ

ಶುರು ೧೦.೧೫. ನಿಂತದ್ದು ೧೦.೩೦. ಅದೇ ಬಿಳೀ ಪರದೆ.

ಫೋಟೊ ಭಾರ ಜಾಸ್ತಿಯಂತೆ. ‘ನಿಮ್ಮ ಮಿಲ್ಲಿನ ಬಾಯಿಗೆ ಒಂದ ಸಲಕ್ಕ ಇಡೀ ಚೀಲ ಸುರುವಿದ್ರ ಏನಾಗ್ತತಿ?’ ಅಂತ ಕೇಳಿದಳು.

‘ನನ್ನ ಮಿಲ್ಲು ಬೀಸುತ್ತೆ, ತಡವಾಗುತ್ತೆ ಅಷ್ಟೆ’ ಅಂದೆ.

‘ಇದೂ ತಡವಾಗಿ ಹೋಗೂದ. ಆದ್ರ ನಡುವ ನಿಂತ್ರ ಮತ್ತ ಮೊದಲಿಂದ ಸುರುವಬೇಕು. ಅದಕ್ಕ ಫೋಟೊ ಸಣ್ಣದು ಮಾಡ್ರಿ. ಬರೇ ಕಲಾ ಅಕ್ಕಾರನ್ನ ಇಟ್ಕೊಂಡು, ಬಾಜೂಕ ಇರೋ ಅಣ್ಣಾರನ್ನ...’

‘ಬಾಯಿ ಮುಚ್ಚು’ ಅಂದೆ. ಮೊದಲೊಂದು ಮದುವೆ ಆಗಿತ್ತು ಅನ್ನೋದನ್ನ ಮುಚ್ಚಿಡೋಕೆ ನಾವೇನು ಕಳ್ಳರಾ? ಬರೋ ಗಂಡಿಗೆ ಎಲ್ಲಾ ಗೊತ್ತಾಗಲಿ. ಫೋಟೊ ಇಡಿಯಾಗೇ ಹೋಗಬೇಕು.

ಅವಳು ಸಣ್ಣದು ಮಾಡಿದರೆ ಮುಖ ಮಸುಕಾಗುತ್ತೆ, ಅದೂ ಬೇಡ. ಮಹದೇವನಿಗೆ ಗಡ್ಡದ ಹತ್ತಿರ ಒಂದು ಮಚ್ಚೆ ಇದೆ. ಸಣ್ಣದು ಮಾಡಿದಾಗ ಅದು ಕಾಣಲಿಲ್ಲ.

೨೦ ಜನವರಿ, ಶನಿವಾರ

ಅವರೆಕಾಯಿ ಬಿಡಿಸ್ತಾ ಕೂತಿದ್ವಿ. ಈವತ್ತೂ ಹೋಗಲಿಲ್ಲವಾ ಅಂತ ಕಲಾ ಕೇಳಿದಳು. ಈವತ್ತು ಹೋಗೇ ಇಲ್ಲ ಅಂದೆ. ‘ನಾನೇನು ರಾಗಿ ಮೂಟೇನಾ ಅತ್ತೆ, ಹೋಗ್ಲಿಲ್ಲ ಹೋಗ್ಲಿಲ್ಲ ಅಂತ ಒದ್ದಾಡೋಕೆ?’ ಅಂದಳು.

ಬಾಯಿ ಜಾಸ್ತಿ ಆಗಿದೆ. ನನ್ನ ಜೊತೆ ಇದ್ದು ಕಲಿತದ್ದೇ.

ಗೋಡೆ ಮೇಲೆ ಫೋಟೊ ಇದ್ದ ಜಾಗ ಬೆಳ್ಳಗೆ ಚೌಕವಾಗಿ ಕಾಣುತ್ತೆ. ಕ್ಯಾಲೆಂಡರ್ ನೇತುಹಾಕೋಣ ಅಂದ್ಕೊಂಡೆ. ಹಾಕಲಿಲ್ಲ.

೨೩ ಜನವರಿ, ಮಂಗಳವಾರ

ಶುರು ೨.೪೫. ನಿಂತದ್ದು ೩.

ಸಂಘದ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿ ನಾರಾಯಣಪ್ಪ ಅಂತ ಒಬ್ಬ ಗುಮಾಸ್ತ. ನಿಧಾನವಾಗಿ, ಅಡಿಕೆ ಅಗಿದ ಹಾಗೆ ಮಾತಾಡ್ತಾನೆ.

‘ಫೋಟೊ ಹೋಗ್ತಾ ಇಲ್ಲ ಕಣಯ್ಯ.’

‘ಎಲ್ಲರದೂ ಬರ್ತಾ ಇದೆ ತಾಯಿ. ನಿಮ್ಮದು ಯಾಕೆ ಬರಲ್ಲ?’

‘ಅದನ್ನ ನಾನು ನಿನ್ನ ಕೇಳ್ತಾ ಇರೋದು.’

‘ನಮ್ಮ ಸರ್ವರ್ ಚೆನ್ನಾಗಿದೆ. ಪೂಜೆ ಮಾಡಿ ಕೂರಿಸಿರೋದು. ತೊಂದರೆ ನಿಮ್ಮ ಕಡೇನೇ. ತಾರೀಖು, ಟೈಮು ಎಲ್ಲ ಬರೆದಿಡಿ.’

ಫೋನ್ ಕುಕ್ಕಿದೆ. ಸರ್ವರ್ ಅಂದರೆ ಏನು ಅಂತ ದಾನಮ್ಮನ್ನ ಕೇಳಿದೆ. ನಾವು ಕಳಿಸಿದ್ದನ್ನ ಇಳಿಸಿಕೊಂಡು ಇಟ್ಟುಕೊಳ್ಳೋ ಮೆಷೀನಂತೆ. ಅದು ಎಚ್ಚರ ಇರಬೇಕು, ಆಗಲೇ ಅತ್ತ ಕಡೆ ಇಳಿಯೋದು. ಅವಳು ನಿನ್ನೆ ಸಂಜೆ ಹೆಗ್ಗನಹಳ್ಳಿಯವರದೊಂದು ಫೋಟೊ ಅಲ್ಲಿಗೇ ಕಳಿಸಿದಳಂತೆ. ಎರಡು ನಿಮಿಷಕ್ಕೆ ಹೋಯ್ತಂತೆ.

ಹಾಗಾದರೆ ನಮ್ಮದು ಯಾಕೆ ಹೋಗಲ್ಲ?

೨೫ ಜನವರಿ, ಗುರುವಾರ

ಶುರು ೧.೧೫. ನಿಂತದ್ದು ೧.೩೦. ಬಿಳೀ ಪರದೆ. ಬರೆಯೋಕೆ ಇನ್ನೇನೂ ಇಲ್ಲ. ಅನ್ನಬಾರದ್ದು ಅಂದೆ, ಅದನ್ನ ಬರೆಯೋಲ್ಲ.

೨೭ ಜನವರಿ, ಶನಿವಾರ

ಬೆಳಗ್ಗೆನೇ ದಾನಮ್ಮನ್ನ ಎಬ್ಬಿಸಿ ಅಂಗಡಿ ತೆಗೆಸಿದೆ. ಶುರು ೮.೪೫. ನಿಂತದ್ದು ೯.

ಮಿಲ್ಲಲ್ಲಿ ಕೂತು ಯೋಚನೆ ಮಾಡಿದೆ. ಮಿಲ್ ನಿಂತರೆ ಮೊದಲು ಕರೆಂಟು ನೋಡ್ತೀನಿ, ಆಮೇಲೆ ಬೆಲ್ಟು, ಆಮೇಲೆ ಕಲ್ಲು. ಇಲ್ಲಿ ದಾನಮ್ಮನ ಕರೆಂಟ್ ಸರಿ ಇದೆ, ಲೈನ್ ಸರಿ ಇದೆ, ಹೆಗ್ಗನಹಳ್ಳಿಯವರದು ಹೋಗುತ್ತೆ. ಉಳಿದದ್ದು ಫೋಟೊ. ಫೋಟೊದಲ್ಲಿ ಇರೋರು ಇಬ್ಬರು.

ಮಹದೇವ ಚಿಕ್ಕವನಿದ್ದಾಗ ಸ್ಕೂಲಿಗೆ ಹೋಗಲ್ಲ ಅಂದರೆ ರಸ್ತೆ ಮಧ್ಯೆ ಉದ್ದಕ್ಕೆ ಮಲಗಿಬಿಡ್ತಿದ್ದ. ಎತ್ತಿದರೆ ಎದ್ದೇಳ್ತಾ ಇರಲಿಲ್ಲ, ಕಲ್ಲು ಕಲ್ಲು. ಈಗಲೂ ಹಾಗೇ ಮಲಗಿದಾನಾ? ಹೆಂಡತೀನ ಕಳಿಸಲ್ಲ ಅಂತ?

ಲೋ ಮಹದೇವ, ನಿನಗೇನು ಗೊತ್ತೋ. ನೀನು ಹೋದ ವರ್ಷ ಅವಳು ಕೂದಲು ಬಾಚೋದನ್ನೇ ಮರೆತಿದ್ದಳು. ನಾನೇ ಹಿಡಿದು ಕೂರಿಸಿ ಬಾಚ್ತಿದ್ದೆ, ಎಳೆದೆಳೆದು. ಅವಳು ಒಂದು ದಿನವಾದರೂ ಅಯ್ಯೋ ಅನ್ನಲಿಲ್ಲ. ನೋವಾಗ್ತಿತ್ತು ಅಂತ ನನಗೆ ಗೊತ್ತಿತ್ತು. ಅವಳು ಅಯ್ಯೋ ಅನ್ನಲಿ ಅಂತಾನೇ ಎಳೀತಿದ್ದೆ. ಎದ್ದೇಳು ಮಗನೆ. ದಾರಿ ಬಿಡು.

೨೯ ಜನವರಿ, ಸೋಮವಾರ

ದಾನಮ್ಮ ಜೋಳ ಬೀಸೋಕೆ ತಂದಿದ್ದಳು. ರಾಗಿ ಬೀಸಿದ ಕಲ್ಲಿಗೇ ಹಾಕಿದ್ರಿ, ರೊಟ್ಟಿ ಕರ್ರಗಾಗ್ತಾವ ಅಂತ ರಂಪ ಮಾಡಿದಳು. ನಿನ್ನ ಕಂಪ್ಯೂಟರಿಗಿಂತ ನನ್ನ ಕಲ್ಲು ವಾಸಿ ಅಂದೆ, ಹಾಕಿದ್ದಾದರೂ ಆಚೆ ಬರುತ್ತೆ. ‘ಹಾಕಿದ್ದ ಬ್ಯಾರೆ, ಬರೋದ ಬ್ಯಾರೆ’ ಅಂದಳು. ಕಲಾ ಆಚೆ ತಿರುಗಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು.

ಡೈರೀನ ರಾಗಿ ಡಬ್ಬದ ಹಿಂದೆ ಇಟ್ಟಿದ್ದೆ. ಈವತ್ತು ಡಬ್ಬದ ಪಕ್ಕದಲ್ಲಿತ್ತು. ಇಲಿ ಇರಬೇಕು. ಬೋನು ಇಡಬೇಕು.

೧ ಫೆಬ್ರವರಿ, ಗುರುವಾರ

ಒಂಬತ್ತು ದಿನ ಉಳಿದಿದೆ. ಬರೆದದ್ದನ್ನ ನಾರಾಯಣಪ್ಪನಿಗೆ ಫೋನಲ್ಲಿ ಓದಿಹೇಳೋಣ ಅಂತ ಮಿಲ್ಲಲ್ಲಿ ಡೈರಿ ತೆಗೆದು ಕೂತೆ. ನಿಂತ ಟೈಮುಗಳನ್ನ ಮಾತ್ರ ಒಂದು ಚೀಟೀಲಿ ಇಳಿಸಿಕೊಂಡೆ. ಬುಧವಾರ ಹನ್ನೆರಡು. ಶುಕ್ರವಾರ ಹತ್ತೂವರೆ. ಮಂಗಳವಾರ ಮೂರು. ಗುರುವಾರ ಒಂದೂವರೆ. ಶನಿವಾರ ಒಂಬತ್ತು.

ಎದುರಿಗೆ ಗೋಡೆ ಮೇಲೆ ಕ್ಯಾಲೆಂಡರು. ನೋಡೋದೇ ಬೇಕಾಗಿರಲಿಲ್ಲ, ಬಾಯಿಪಾಠ ನನಗೆ. ಚೀಟೀನ ಇನ್ನೊಂದು ಸಲ ಓದಿದೆ.

ಪ್ರತಿ ಸಲವೂ ರಾಹುಕಾಲ ಹುಟ್ಟೋ ಹೊತ್ತಿಗೇ ನಿಂತಿದೆ. ಒಂದು ನಿಮಿಷ ಆಚೆ ಇಲ್ಲ, ಈಚೆ ಇಲ್ಲ.

ಕಲಾಗೆ ತೋರಿಸಿದೆ. ಅವಳೂ ಎರಡು ಸಲ ನೋಡಿದಳು. ‘ರಾಹು ಇಷ್ಟು ಸರಿಯಾಗಿ ಟೈಮ್ ನೋಡ್ತಾನಾ ಅತ್ತೆ? ಅವನ ಹತ್ರ ಗಡಿಯಾರ ಇದೆಯಾ?’ ಅಂದಳು.

ನನಗೆ ನಗು ಬರಲಿಲ್ಲ. ಆದರೆ ಮಾತು ತಲೇಲಿ ಕೂತುಬಿಡ್ತು. ರಾಹು ಆದರೆ ಹಿಂದೆ ಮುಂದೆ ಆಗಬಹುದು. ಇಷ್ಟು ಚೊಕ್ಕವಾಗಿ ಗಂಟೆ ನೋಡಿಕೊಂಡು ಏಳೋನು ಅಂದರೆ ಗುಮಾಸ್ತ.

೨ ಫೆಬ್ರವರಿ, ಶುಕ್ರವಾರ

ಮಿಲ್ ಕಲಾಗೆ ಬಿಟ್ಟು, ಬಸ್ ಹತ್ತಿ, ಹತ್ತು ಗಂಟೆಗೇ ರಾಜಾಜಿನಗರದ ಸಂಘದ ಆಫೀಸಲ್ಲಿ ಹೋಗಿ ಕೂತೆ. ಹೆಸರು ಹೇಳಲಿಲ್ಲ. ನಾರಾಯಣಪ್ಪ ನನ್ನ ವಯಸ್ಸಿನವನೇ. ಹಣೇಲಿ ಉದ್ದ ನಾಮ, ಕಿವಿ ಮೇಲೆ ಪೆನ್ನು. ಅವನ ಮೇಜಿನ ಕೆಳಗೆ ಒಂದು ಕಂಪ್ಯೂಟರ್ ಡಬ್ಬ ಗುಯ್ ಅಂತಿತ್ತು. ಅದಕ್ಕೆ ಕುಂಕುಮ, ಮೇಲೊಂದು ಸೇವಂತಿಗೆ.

ಹತ್ತೂ ಇಪ್ಪತ್ತೊಂಬತ್ತಕ್ಕೆ ಗಡಿಯಾರ ನೋಡಿದ. ಹತ್ತೂವರೆಗೆ ಎದ್ದ. ಬಗ್ಗಿದ. ಗೋಡೆ ಹತ್ತಿರದ ಸ್ವಿಚ್ ಟಪ್ ಅಂತ ಆರಿಸಿದ. ಗುಯ್ ನಿಂತಿತು. ಕೈಮುಗಿದ. ಕಾಫಿ ಲೋಟ ತಗೊಂಡ.

‘ಯಾಕಯ್ಯ ಆರಿಸಿದೆ?’

‘ರಾಹುಕಾಲ ತಾಯಿ. ಶುಭಕಾರ್ಯದ ಮೆಷೀನು. ಈ ಹೊತ್ತಲ್ಲಿ ಹೆಣ್ಣು ಗಂಡಿನ ಫೋಟೊ ಇಳಿಸಿಕೊಂಡರೆ ನಾಳೆ ಅವರ ಸಂಸಾರ ಏನಾಗಬೇಕು? ಆ ಜವಾಬ್ದಾರಿ ಯಾರದು?’

‘ಎಷ್ಟು ದಿನದಿಂದ ಹೀಗೆ?’

‘ಕೂರಿಸಿದ ದಿನದಿಂದ. ಒಂದು ದಿನ ತಪ್ಪಿಲ್ಲ.’ ಹೆಮ್ಮೆಯಿಂದ ಹೇಳಿದ.

ಆಮೇಲೆ ನಾನು ಯಾರು ಅಂತ ಹೇಳಿದೆ. ಆಫೀಸಲ್ಲಿದ್ದವರೆಲ್ಲ ಎದ್ದು ನಿಂತರು. ನನ್ನ ದನಿ ಮಿಲ್ ಸದ್ದಿಗೆ ಪಳಗಿದ್ದು.

‘ನಾನು ರಾಹುಕಾಲಕ್ಕೆ ಮೊದಲೇ ಶುರು ಮಾಡ್ತೀನಿ, ನೀನು ಮಧ್ಯದಲ್ಲಿ ಕತ್ತು ಹಿಸುಕ್ತೀಯ. ರಾಹುಕಾಲದಲ್ಲಿ ಶುರು ಮಾಡಬಾರದು ಅಂತ ಇದೆ, ಒಪ್ಪಿದೆ. ನಡೀತಾ ಇರೋದನ್ನ ನಿಲ್ಲಿಸು ಅಂತ ಯಾವ ಪಂಚಾಂಗದಲ್ಲಿದೆ? ತೋರಿಸು. ತಾಳಿ ಕಟ್ಟೋವಾಗ ರಾಹುಕಾಲ ಬಂದರೆ ಅರ್ಧ ಗಂಟು ಹಾಕಿ ಕಾಫಿ ಕುಡಿಯೋಕೆ ಹೋಗ್ತೀಯ?’

ನಾರಾಯಣಪ್ಪ ಲೋಟ ಕೆಳಗಿಟ್ಟ. ಅವನೂ ಕೆಟ್ಟವನಲ್ಲ. ‘ಈ ದಿಕ್ಕಲ್ಲಿ ನಾನು ಯೋಚನೆ ಮಾಡಿರಲಿಲ್ಲ’ ಅಂದ. ಆಮೇಲೆ ತಾನೇ ಬಗ್ಗಿ ಸ್ವಿಚ್ ಹಾಕೋಕೆ ಹೋದ. ‘ತಡಿ’ ಅಂದೆ. ಆರಿಸಿ ಆಗಿದೆ, ಈಗ ಹಾಕಿದರೆ ರಾಹುಕಾಲದಲ್ಲಿ ಶುರು ಮಾಡಿದ ಹಾಗಾಗುತ್ತೆ. ಇಬ್ಬರೂ ಕೂತು ಕಾಫಿ ಕುಡಿದ್ವಿ. ಹನ್ನೆರಡಕ್ಕೆ ಹಾಕಿದ. ಇನ್ನು ಮೇಲೆ ಆರಿಸಲ್ಲ ಅಂತ ಮಾತು ತಗೊಂಡು ಬಂದೆ.

ಮನೆಗೆ ಬಂದಮೇಲೆ ಹೊಳೀತು. ಮಹದೇವನದೇನೂ ತಪ್ಪಿರಲಿಲ್ಲ. ಸುಮ್ಮನೆ ಬೈದೆ.

೬ ಫೆಬ್ರವರಿ, ಮಂಗಳವಾರ

ಬೇಕೂಂತಲೇ ಹಳೇ ಟೈಮಿಗೇ ಶುರು ಮಾಡಿಸಿದೆ. ೨.೪೫. ಮೂರು ಹೊಡೀತು. ದಾನಮ್ಮ ಉಸಿರು ಹಿಡಿದಳು, ನಾನೂ ಹಿಡಿದೆ. ನಿಲ್ಲಲಿಲ್ಲ. ೩.೧೨ಕ್ಕೆ ‘ಹೋತು ಅಮ್ಮಾರ, ಹೋತು!’ ಅಂತ ಕುರ್ಚಿಯಿಂದ ಎಗರಿದಳು. ನನ್ನನ್ನ ತಬ್ಬಿಕೊಳ್ಳೋಕೆ ಬಂದಳು. ದೂರ ನಿಲ್ಲು ಅಂದೆ. ಆಮೇಲೆ ಅವಳ ಅಂಗಡೀಲಿ ಇದ್ದೋರಿಗೆಲ್ಲ ಬಾಳೆಹಣ್ಣು ಕೊಡಿಸಿದೆ.

ಕಲಾಗೆ ಹೇಳಿದರೆ ‘ಓ’ ಅಂದಳು. ಅಷ್ಟೇ. ಮೂರು ವಾರ ಜೀವ ತೇಯ್ದದ್ದಕ್ಕೆ ಒಂದು ಓ.

೭ ಫೆಬ್ರವರಿ, ಬುಧವಾರ

ನಾರಾಯಣಪ್ಪನ ಫೋನು.

‘ತಾಯಿ, ಫೋಟೊ ಬಂದಿದೆ. ಚೆನ್ನಾಗಿದೆ. ಆದರೆ ಪಕ್ಕದಲ್ಲಿ ಯಾರೋ ಇದಾರಲ್ಲ?’

‘ನನ್ನ ಮಗ.’

‘ವಧು ಒಬ್ಬರದೇ ಇರಬೇಕು ಅಂತ ನಿಯಮ ತಾಯಿ. ನೋಡೋರಿಗೆ... ನಿಮಗೆ ನಾನು ಹೇಳಬೇಕಾ? ಶನಿವಾರ ಸಂಜೆವರೆಗೆ ಟೈಮಿದೆ. ಬೇರೆ ಕಳಿಸಿಬಿಡಿ.’

ಈ ಸಲ ಅವನಿಗೆ ಬೈಯಲಿಲ್ಲ. ಆಗಲಿ ಅಂದು ಇಟ್ಟೆ.

೮ ಫೆಬ್ರವರಿ, ಗುರುವಾರ

ದಾನಮ್ಮನಿಗೆ ಸಂಘದ ನಿಯಮ ಹೇಳಿದೆ. ಅವಳು ಫೋಟೊ ತೆಗೆದು, ಗೆರೆ ಎಳೆದು, ಒಂದು ಗುಂಡಿ ಒತ್ತಿದಳು. ಅರ್ಧ ಫೋಟೊ ಇಲ್ಲ. ಟಪ್ ಅಂತ ಸದ್ದೂ ಆಗಲಿಲ್ಲ.

ಕಲಾ ಉಳಿದಳು. ಅವಳ ಹೆಗಲ ಮೇಲೆ ಮಹದೇವನ ಕೈಯೂ ಉಳೀತು. ನಾಲ್ಕು ಬೆರಳು, ಒಂದರಲ್ಲಿ ಉಂಗುರ.

‘ಇದನ್ನ ಒರಸಬಹುದು ಅಮ್ಮಾರ. ಸೀರಿ ಬಣ್ಣ ತಗೊಂಡು ಮ್ಯಾಲೆ ಹಚ್ಚತೀನಿ. ಗೊತ್ತಾಗೂದಿಲ್ಲ’ ಅಂದಳು. ಮೆತ್ತಗೆ ಅಂದಳು. ಅವಳಿಗೆ ಮೆತ್ತಗೆ ಮಾತಾಡೋಕೆ ಬರುತ್ತೆ ಅಂತಾನೇ ಗೊತ್ತಿರಲಿಲ್ಲ ನನಗೆ.

ಬೇಡ ಅಂದೆ. ಮೊದಲಿದ್ದ ಹಾಗೆ ಮಾಡು ಅಂದೆ. ಇನ್ನೊಂದು ಗುಂಡಿ ಒತ್ತಿದಳು, ಮಹದೇವ ವಾಪಸ್ ಬಂದು ನಿಂತ. ಮನೆಗೆ ಬಂದೆ.

ಕಲಾಳ ಬೇರೆ ಫೋಟೊ ಹುಡುಕಿದೆ. ಟ್ರಂಕು, ಆಲ್ಬಮ್ಮು ಎಲ್ಲ ತೆಗೆದೆ. ಎಲ್ಲದರಲ್ಲೂ ಅವನಿದಾನೆ. ಅವನು ಹೋದಮೇಲೆ ಈ ಮನೇಲಿ ಯಾರೂ ಅವಳದೊಂದು ಫೋಟೊ ತೆಗೆದಿಲ್ಲ. ಮೂರು ವರ್ಷ. ನನ್ನ ತಲೆಗೇ ಬಂದಿಲ್ಲ.

೯ ಫೆಬ್ರವರಿ, ಶುಕ್ರವಾರ

ಬೆಳಗ್ಗೆ ಕಲಾಗೆ, ಸ್ಟುಡಿಯೋಗೆ ಹೊರಡು ಅಂದೆ. ಒಂದು ರಾಶಿ ಗೋಧಿ ಇದೆ, ಮುಗಿಸಿ ಹೋಗೋಣ ಅಂದಳು. ಅಷ್ಟರಲ್ಲಿ ದಾನಮ್ಮ ಮತ್ತೆ ಜೋಳ ಹೊತ್ತುಕೊಂಡು ಬಂದಳು. ಈ ಸಲ ನೀವ ಕಲ್ಲು ಒರಸ್ರಿ, ನನ್ನ ಕಣ್ಣೆದುರಿಗೆ ಅಂದಳು. ಒರಸಿದೆ. ‘ಇನ್ನೊಮ್ಮೆ’ ಅಂದಳು. ಸಿಟ್ಟು ಬಂತು. ಆ ಸಿಟ್ಟಲ್ಲಿ ಹಿಟ್ಟು ಇಳಿಯೋ ಬಾಯಿಗೆ ಬಟ್ಟೆಯ ತೋಳು ಬಿಗಿಯಾಗಿ ಕಟ್ಟಲಿಲ್ಲ. ಮಿಲ್ ಶುರುವಾಗಿ ಎರಡು ನಿಮಿಷಕ್ಕೆ ತೋಳು ಕಳಚಿಕೊಂಡು, ಎರಡು ಸೇರು ಜೋಳದ ಹಿಟ್ಟು ಭುಸ್ ಅಂತ ನನ್ನ ಮೇಲೆ.

ಕಣ್ಣು, ಮೂಗು, ಬಾಯಿ ಎಲ್ಲ ಬಿಳಿ. ಬೈಯೋಕೆ ಬಾಯಿ ತೆಗೆದೆ, ಇನ್ನಷ್ಟು ಹಿಟ್ಟು ಒಳಗೆ ಹೋಯ್ತು.

ಕಲಾ ನಕ್ಕಳು. ಸೆರಗು ಮುಚ್ಚಿಕೊಂಡಲ್ಲ. ಮಿಲ್ಲಿನ ಕಂಬ ಹಿಡಿದುಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರೋ ಹಾಗೆ. ಅವಳಿಗೆ ಮೇಲೆ ಒಂದು ಓರೆ ಹಲ್ಲಿದೆ. ಇದೆ ಅನ್ನೋದನ್ನೇ ಮರೆತಿದ್ದೆ. ಅವಳ ಹುಬ್ಬಿನ ಮೇಲೂ ಹಿಟ್ಟು, ಅರ್ಧ ತಲೆ ನರೆತ ಹಾಗೆ. ದಾನಮ್ಮ ಜೋಳ ಹೋದದ್ದಕ್ಕೆ ಅಳೋದು ಬಿಟ್ಟು ತನ್ನ ಹೊಸ ಮೊಬೈಲ್ ತೆಗೆದು ಕ್ಲಿಕ್ ಅನ್ನಿಸಿದಳು.

ನೋಡಿದೆ. ಕಲಾಳ ಹಿಟ್ಟು ಮೆತ್ತಿದ ಮುಖ, ಹಿಂದೆ ಓಡ್ತಾ ಇರೋ ಬೆಲ್ಟು. ಇಂಥಾ ಫೋಟೊ ಯಾರಾದರೂ ಹೆಣ್ಣು ನೋಡೋಕೆ ಕಳಿಸ್ತಾರಾ?

‘ಇದನ್ನೇ ಕಳಿಸು’ ಅಂದೆ.

ಮೂಲೇಲಿ ನನ್ನ ಕೈ ಬಂದಿತ್ತು, ಹಿಟ್ಟಿನ ಕೈ. ದಾನಮ್ಮ ಅಂಗಡೀಲಿ ಅದನ್ನ ಗೆರೆ ಎಳೆದು ಕತ್ತರಿಸಿದಳು. ನನ್ನ ಕೈ ತಾನೆ, ಹೋಗಲಿ. ‘ಅದು ಚೀಲ ಇತ್ತು ಅಮ್ಮಾರ, ಇದು ಚಿಟಿಕಿ’ ಅಂದಳು. ಒತ್ತಿದಳು. ನಾನು ಕುರ್ಚಿ ಎಳೆದು ಕೂರೋದರೊಳಗೆ ಹೋಗಿತ್ತು.

ಶುರುವಾದ ಟೈಮು, ಮುಗಿದ ಟೈಮು ನೋಡಿಕೊಳ್ಳೋದು ಮರೆತೆ. ಹನ್ನೊಂದರ ಹತ್ತಿರ ಇರಬೇಕು.

೧೨ ಫೆಬ್ರವರಿ, ಸೋಮವಾರ

ಕಾವೇರಿ ಗಲಾಟೆ, ಬಂದ್. ಮಿಲ್ ಇಲ್ಲ, ದಾನಮ್ಮನ ಅಂಗಡಿ ಇಲ್ಲ. ಫೋಟೊ ಪಟ್ಟಿಗೆ ಸೇರಿತು ಅಂತ ಶನಿವಾರವೇ ನಾರಾಯಣಪ್ಪ ಹೇಳಿದ. ಈಗೇನೂ ಕೆಲಸವಿಲ್ಲ.

ಹಿದುಕಿದ ಬೇಳೆ ಸಾರು ಮಾಡಿದಳು ಕಲಾ. ನಾನು ನೆನೆಸಿದ ಅವರೆಕಾಳು ಹಿದುಕಿಕೊಟ್ಟೆ. ಮಹದೇವ ಹಿದುಕೋ ನೆಪದಲ್ಲಿ ಕಾಳು ಹಾರಿಸಿ ಅವಳ ಬೆನ್ನಿಗೆ ಹೊಡೀತಿದ್ದ, ಅದನ್ನ ಹೇಳಿಕೊಂಡು ಇಬ್ಬರೂ ನಕ್ಕೆವು. ಮೂರು ಸಲ ಬಡಿಸಿಕೊಂಡೆ. ಮುಂದಿನ ವರ್ಷ ಈ ಸಾರು ಯಾರು ಮಾಡ್ತಾರೋ. ಮಾಡಿಕೊಳ್ಳೋಕೆ ನನಗೇ ಬರುತ್ತೆ, ಆ ಪ್ರಶ್ನೆ ಅಲ್ಲ.

ಬೋನಿಗೆ ಇಲಿ ಬಿದ್ದಿಲ್ಲ.

೧೮ ಫೆಬ್ರವರಿ, ಭಾನುವಾರ

ನಾರಾಯಣಪ್ಪ ತಾನೇ ಮನೆವರೆಗೂ ಬಂದ. ವೆಬ್‌ಸೈಟಲ್ಲಿ ಫೋಟೊ ನೋಡಿ ಮೂರು ಜನ ವಿಚಾರಿಸಿದಾರಂತೆ. ಒಬ್ಬನಿಗೆ ಅರವತ್ತು ವರ್ಷ. ಅವನಿಗೆ ಹೆಣ್ಣು ಬೇಕಾದರೆ ನಾನೇ ಇದೀನಿ ಅಂತ ಹೇಳು ಅಂದೆ, ನಾರಾಯಣಪ್ಪನಿಗೆ ಕಾಫಿ ನೆತ್ತಿಗೇರಿತು. ಎರಡನೆಯವನಿಗೆ ಅಮ್ಮನ್ನ ನೋಡಿಕೊಳ್ಳೋಕೆ ಜನ ಬೇಕು. ಆಳು ಇಟ್ಟುಕೋ ಅನ್ನು ಅಂದೆ.

ಮೂರನೆಯವನು ಅಂಜಿನಯ್ಯ. ಕೆಂಗೇರಿ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮೂವತ್ತೆಂಟು, ಹೆಂಡತಿ ಹೋಗಿ ನಾಲ್ಕು ವರ್ಷ. ಅವನು ಬರೆದ ಕಾ​ಗದ ನಾರಾಯಣಪ್ಪ ಪ್ರಿಂಟ್ ತೆಗೆಸಿ ತಂದಿದ್ದ. ಇರೋದೇ ಇಷ್ಟು: ‘ಫೋಟೊದಲ್ಲಿ ಹಿಂದೆ ಕಾಣುವ ಬೆಲ್ಟಿಗೆ ಜಾಲರಿ ಇಲ್ಲ. ಅವರು ಅಷ್ಟು ಹತ್ತಿರ ನಿಂತು ನಗಬಾರದು, ಸೆರಗು ಸಿಕ್ಕಿಕೊಳ್ಳುತ್ತದೆ. ಮೊದಲು ಜಾಲರಿ ಹಾಕಿಸಿ. ಮಿಕ್ಕ ಮಾತು ಆಮೇಲೆ.’

ಅಧಿಕಪ್ರಸಂಗಿ. ಇಪ್ಪತ್ತೊಂಬತ್ತು ವರ್ಷ ಮಿಲ್ ನಡೆಸಿರೋಳಿಗೆ ಬುದ್ಧಿ ಹೇಳ್ತಾನೆ. ಎದ್ದು ಹೋಗಿ ನೋಡಿದೆ. ಜಾಲರಿ ತುಕ್ಕು ಹಿಡಿದು ಬಿದ್ದು ಎಷ್ಟು ದಿನ ಆಯ್ತೋ.

ಇವನೇ ಸರಿ ಅಂತ ತೀರ್ಮಾನ ಮಾಡಿದೆ. ಮುಂದಿನ ಭಾನುವಾರ ಸಮಾವೇಶದಲ್ಲಿ ಸಿಗ್ತೀವಿ ಅಂತ ಹೇಳಿಕಳಿಸಿದೆ.

೨೦ ಫೆಬ್ರವರಿ, ಮಂಗಳವಾರ

ಕಲಾ ತಾನೇ ಮಾಗಡಿ ರೋಡಿಗೆ ಹೋಗಿ ಜಾಲರಿ ತಂದು, ವೆಲ್ಡಿಂಗಿನವನನ್ನ ಕರೆಸಿ ಹಾಕಿಸಿದಳು. ಆ ಕಾಗದ ಎಲ್ಲಿ ಅಂತ ಹುಡುಕಿದೆ, ಅವಳ ತಲೆದಿಂಬಿನ ಕೆಳಗಿತ್ತು. ಸರಿಹೋಯ್ತು ಅಂದ್ಕೊಂಡು, ಭಾನುವಾರ ಅಂಜಿನಯ್ಯನ್ನ ನೋಡೋಕೆ ಹೋಗ್ತೀವಿ, ಹಸಿರು ಸೀರೆ ಉಟ್ಟುಕೋ ಅಂದೆ.

ಕಲಾ ಸಾರಿಗೆ ಒಗ್ಗರಣೆ ಹಾಕ್ತಾ ಇದ್ದಳು. ತಿರುಗಲಿಲ್ಲ.

‘ಎಲ್ಲರನ್ನೂ ಕೇಳಿದ್ರಿ ಅತ್ತೆ. ಸಂಘದವರನ್ನ ಕೇಳಿದ್ರಿ, ದಾನಮ್ಮನ್ನ ಕೇಳಿದ್ರಿ, ಅವರನ್ನೂ ಕೇಳಿದ್ರಿ ದಾರಿ ಬಿಡು ಅಂತ. ರಾಹುನೂ ಕೇಳಿದ್ರಿ.’

ತಟ್ಟೆ ಹಾಕಿದಳು. ಉಂಡೆವು.

೨೧ ಫೆಬ್ರವರಿ, ಬುಧವಾರ

ಬೆಳಗ್ಗೆ ಎದ್ದರೆ ಗೋಡೆ ಮೇಲೆ ಮದುವೆ ಫೋಟೊ ಚೌಕಟ್ಟಿನ ಸಮೇತ ವಾಪಸ್ ಬಂದಿದೆ. ಕಲಾ ಹಾಕಿದಾಳೆ. ಮಚ್ಚೆ ಚೆನ್ನಾಗಿ ಕಾಣುತ್ತೆ.

‘ದಾರಿ ಬಿಡು’ ಅನ್ನೋ ಮಾತನ್ನ ನಾನು ಯಾರ ಹತ್ತಿರವೂ ಆಡಿರಲಿಲ್ಲ. ಇಲ್ಲಿ ಬರೆದಿದ್ದೆ ಅಷ್ಟೆ. ರಾಗಿ ಡಬ್ಬದ ಹಿಂದಿನ ಇಲಿ ಯಾವುದು ಅಂತ ಈಗ ತಿಳೀತು. ಬೋನು ತೆಗೆದಿಟ್ಟೆ.

ಆದ್ದರಿಂದ ಕಲಾ, ಇದು ನಿನಗೇ. ಎದುರಿಗೆ ಕೇಳೋಕೆ ಹೋದರೆ ನಾನು ಕಿರುಚಿಬಿಡ್ತೀನಿ.

ನಿಮ್ಮ ಮಾವ ಹೋದಾಗ ನನಗೆ ಮೂವತ್ತನಾಲ್ಕು. ದೊಡ್ಡವರೆಲ್ಲ ಹಜಾರದಲ್ಲಿ ಕೂತು ಇವಳು ಹೀಗೇ ಇರಲಿ ಅಂತ ತೀರ್ಮಾನ ಮಾಡಿದರು. ನಾನು ಒಳಗೆ ಕಾಫಿ ಸೋಸ್ತಾ ಇದ್ದೆ. ಯಾರೂ ಬಂದು ಕೇಳಲಿಲ್ಲ. ಅವರು ನನಗೆ ಇರು ಅಂದರು, ನಾನು ನಿನಗೆ ಹೋಗು ಅಂದೆ. ನೀನೂ ಒಳಗೇ ಇದ್ದೆ, ಒಗ್ಗರಣೆ ಹಾಕ್ತಾ.

ಹೋದರೆ ಈ ಮನೆ ಬೀಗದಕೈ ಒಂದು ನಿನ್ನ ಹತ್ತಿರವೇ ಇರುತ್ತೆ, ವಾಪಸ್ ಕೇಳೋಲ್ಲ. ಇದ್ದರೆ ಯಾರೂ ಒಂದು ಮಾತಾಡೋ ಹಾಗಿಲ್ಲ, ಆಡಿದವರಿಗೆ ನಾನಿದೀನಿ. ಎರಡಕ್ಕೂ ನನ್ನ ಒಪ್ಪಿಗೆ ಇದೆ. ನಿನ್ನದು ಯಾವುದಕ್ಕಿದೆ? ತಲೆ ಅಲ್ಲಾಡಿಸಬೇಡ, ಓ ಅನ್ನಬೇಡ, ನನಗೆ ಅದು ಅರ್ಥ ಆಗಲ್ಲ. ಪೆನ್ನು ಡೈರಿ ಒಳಗೇ ಇಟ್ಟಿದೀನಿ. ಇದೇ ಪುಟದ ಕೆಳಗೆ ಬರಿ. ನಾನು ಬರೆದಿಲ್ವ?

೨೪ನೇ ತಾರೀಖು ಶನಿವಾರದ ಒಳಗೆ ಉತ್ತರ ಬೇಕು. ರಾಹುಕಾಲದಲ್ಲಿ ಬರೆದರೂ ಸರಿ.